ಗುಡ್ಡ ಹತ್ತದವರಿಗೂ ಕೇಳಿಸುವ ವೆಬಿನಾರ್

ಮುಕ್ತ ಪಾಠತಾಣ ನಡೆಸುವವರಿಗಾಗಿಯೇ ಒಂದು ವೆಬಿನಾರ್ ಇದೆ ಅಂತ ಗೊತ್ತಾದಾಗ ನಾವು ಐದು ಜನ ಹೆಸರು ಕೊಟ್ಟೆವು. ಸಂಘದ ಪುಟ್ಟ ತಾಣ ನಿಮಗೆ ಗೊತ್ತೇ ಇದೆ. ಮೊದಲ ವರ್ಷದ ಗಣಿತ, ಬೇಸಿಕ್ ಎಲೆಕ್ಟ್ರಿಕಲ್, ಸಿ ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಬರೆದು ಹಾಕುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಇಂಟರ್ನಲ್ಸ್ ಹಿಂದಿನ ರಾತ್ರಿ ಅದನ್ನು ತೆಗೆದು ನೋಡುತ್ತಾರೆ, ಮಿಕ್ಕ ದಿನ ಮರೆಯುತ್ತಾರೆ. ಇರಲಿ, ಅದಕ್ಕೇ ತಾನೇ ಮಾಡಿದ್ದು.

ಐವರಲ್ಲಿ ನಾಲ್ವರು ಹಾಸ್ಟೆಲ್ ವೈಫೈಯಲ್ಲಿದ್ದೆವು. ಐದನೆಯವನು ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದ. ಊರು ಅಂದ್ರೆ ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡ. ವೆಬಿನಾರ್ ಇದ್ದದ್ದು ಒಂದೂವರೆ ತಾಸು. ಅವನು ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ, ಗೇರುಮರದ ಬುಡದಲ್ಲಿ ನಿಂತು ಹನ್ನೊಂದು ಸಲ ಒಳಗೆ ಬಂದ, ಹನ್ನೊಂದು ಸಲ ಹೊರಗೆ ಬಿದ್ದ. ಕೊನೆಗೆ ಅವನಿಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ವಾಕ್ಯವಂತೆ: ಎಲ್ಲರಿಗೂ ಕೇಳಿಸ್ತಾ ಇದ್ಯಾ?

ತಮಾಷೆ ಮಾಡಿ ನಕ್ಕೆವು. ಆಮೇಲೆ ನಗು ಬರಲಿಲ್ಲ. ಯಾಕಂದ್ರೆ ತಾಣದಲ್ಲಿ ಅತಿ ಹೆಚ್ಚು ಪಾಠ ಬರೆದವನು ಅವನೇ. ವೆಬಿನಾರ್ ಯಾರಿಗೆ ಬೇಕಾಗಿತ್ತೋ ಅವನಿಗೇ ಸಿಗಲಿಲ್ಲ. ವೈಫೈಯಲ್ಲಿ ಕುಂತ ನಾವು ಪೂರ್ತಿ ಕೇಳಿದೆವು, ಕೇಳುತ್ತಾ ಇನ್ನೊಂದು ಟ್ಯಾಬ್‌ನಲ್ಲಿ ಕ್ರಿಕೆಟ್ ಸ್ಕೋರೂ ನೋಡಿದೆವು. ಅಂದಿನಿಂದ ಈ ವಿಷಯವನ್ನು ಸ್ವಲ್ಪ ಗಂಭೀರವಾಗಿ ಓದಿ, ಲೆಕ್ಕ ಹಾಕಿ, ಚರ್ಚೆ ಮಾಡಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮುಕ್ತ ಅಂದ್ರೆ ಪುಕ್ಕಟೆ ಅಲ್ಲ

ಮೊದಲು ಹಿನ್ನೆಲೆ, ಚಿಕ್ಕದಾಗಿ. 2001ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳ ಸಾಮಗ್ರಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕೊಡುತ್ತೇವೆ ಎಂದು ಘೋಷಿಸಿತು. 2002ರಲ್ಲಿ ಯುನೆಸ್ಕೋ ಸಭೆಯೊಂದರಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರು ಹುಟ್ಟಿತು. 2003ರಲ್ಲಿ ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟಿಇಎಲ್ ಶುರು ಮಾಡಿದವು. ಅದರ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಕ್ರೆಡಿಟ್‌ಗೋಸ್ಕರ ಆದರೂ ನೋಡಿರುತ್ತೀರಿ. ಕನ್ನಡದಲ್ಲಿ ದೊಡ್ಡ ಹೆಜ್ಜೆ ಅಂದ್ರೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, 'ಕೋಯರ್' ಅಂತ ಕರೆಯೋದು. ವಿಕಿಪೀಡಿಯಕ್ಕೆ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೇ ನಿಂತಿದೆ. ಅದರ ವಿಶೇಷ ಏನಂದ್ರೆ ಬರೆದವರು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು, ಮೇಡಂಗಳು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದೇ ವರ್ಷ ನಿರಂಜನರ ಕೃತಿಗಳೂ ಅದೇ ದಾರಿಯಲ್ಲಿ ಮುಕ್ತವಾಗಿ ವಿಕಿಸೋರ್ಸ್ ಸೇರಿದವು.

ಪುಕ್ಕಟೆಗೂ ಮುಕ್ತಕ್ಕೂ ವ್ಯತ್ಯಾಸ ಇದೆ. ಯೂಟ್ಯೂಬ್‌ನಲ್ಲಿ ಒಬ್ಬರು ಚೆನ್ನಾಗಿ ಪಾಠ ಮಾಡಿರುತ್ತಾರೆ, ದುಡ್ಡಿಲ್ಲದೆ ನೋಡಬಹುದು. ಆದರೆ ಅದನ್ನು ಇಳಿಸಿಕೊಂಡು, ಕನ್ನಡಕ್ಕೆ ತಂದು, ನಿಮ್ಮ ಊರಿನ ಶಾಲೆಯ ಕಂಪ್ಯೂಟರಿಗೆ ಹಾಕಿಕೊಡಲು ಅನುಮತಿ ಇಲ್ಲದಿದ್ದರೆ ಅದು ಪುಕ್ಕಟೆ, ಮುಕ್ತ ಅಲ್ಲ. ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರ ಜೊತೆ ಬೆರೆಸಬಹುದು, ಹಂಚಬಹುದು: ಇಷ್ಟೂ ಸಾಧ್ಯವಾದರೆ ಮುಕ್ತ. ಗುಡ್ಡದ ಆಚೆ ಇರುವವರಿಗೆ ಈ ವ್ಯತ್ಯಾಸ ಬರೀ ಕಾನೂನಿನ ಮಾತಲ್ಲ. ಸ್ಟ್ರೀಮಿಂಗ್ ಬಾರದ ಜಾಗಕ್ಕೆ ಪಾಠ ಹೋಗಬೇಕಾದರೆ ಅದನ್ನು ಯಾರಾದರೂ ಪ್ರತಿ ಮಾಡಿ ಒಯ್ಯಲೇಬೇಕು. ಪ್ರತಿ ಮಾಡಲು ಅನುಮತಿ ಇದ್ದರೆ ಮಾತ್ರ ಅದು ನ್ಯಾಯವಾಗಿ ಸಾಧ್ಯ.

ಇಂಥ ತಾಣ ನಡೆಸುವವರು ಸಾಮಾನ್ಯವಾಗಿ ಒಂಟಿ. ಒಂದು ಕಾಲೇಜಿನಲ್ಲಿ ಒಬ್ಬ ಲೆಕ್ಚರರ್, ಒಂದು ತಾಲ್ಲೂಕಿನಲ್ಲಿ ಇಬ್ಬರು ಮೇಷ್ಟ್ರು, ಒಂದು ಸಂಘದಲ್ಲಿ ನಾವು ಐದು ಜನ. ಎಲ್ಲರಿಗೂ ಬರುವ ತೊಂದರೆ ಒಂದೇ: ಈ ಚಿತ್ರ ಹಾಕಬಹುದಾ, ನುಡಿ ಫೈಲ್ ಏನು ಮಾಡೋದು, ಡೊಮೈನ್ ದುಡ್ಡು ಯಾರು ಕಟ್ಟೋದು. ಇಂಥವರು ತಿಂಗಳಿಗೊಮ್ಮೆ ಸೇರಿದರೆ ಒಬ್ಬರು ಮಾಡಿದ ತಪ್ಪನ್ನು ಇನ್ನೊಬ್ಬರು ಮತ್ತೆ ಮಾಡಬೇಕಾಗಿಲ್ಲ. ಬಸ್ಸಿಗೆ ದುಡ್ಡು, ರಜೆ, ವಸತಿ ಇದ್ಯಾವುದೂ ಬೇಡ ಅನ್ನೋದಕ್ಕೇ ವೆಬಿನಾರ್. ಅಂದಮೇಲೆ ಅದು ತಲುಪುವುದೇ ಮೊದಲ ಪರೀಕ್ಷೆ.

ಕರೆಂಟ್ ಕೊಟ್ಟ ನೆಲದಲ್ಲಿ

ಜೋಗದ ಹತ್ತಿರ ನಿಂತು ಇದನ್ನು ಯೋಚಿಸಿದರೆ ಒಂಥರಾ ಆಗುತ್ತೆ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನಂಬಿ 1948ರಲ್ಲಿ ಇಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಈಗ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಅನ್ನುವ ಆ ಕೇಂದ್ರ 139.2 ಮೆಗಾವಾಟ್‌ನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್. ಆ ನೀರಿನಡಿ ಎಷ್ಟೋ ಊರು, ಗದ್ದೆ, ತೋಟ ಮುಳುಗಿದವು. ಮುಳುಗದೆ ಉಳಿದ ಕಡೆಯವರು ದಶಕಗಟ್ಟಲೆ ಸಾಗರಕ್ಕೆ ಬರಲು ಲಾಂಚ್ ಕಾದರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟ ನೆಲದಲ್ಲೇ ಜಡಿಮಳೆ ಹಿಡಿದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತೆ.

ಕೋವಿಡ್ ಕಾಲದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನವೇ ನಡೆಯಿತು. ಸರ್ಕಾರ 2020ರಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ತಂದದ್ದು, 'ವಿದ್ಯಾಗಮ'ದ ಹೆಸರಿನಲ್ಲಿ ಮೇಷ್ಟ್ರುಗಳೇ ಮಕ್ಕಳಿರುವ ಕಡೆಗೆ ಹೋದದ್ದು, ಇವೆಲ್ಲ ಆನ್‌ಲೈನ್ ತರಗತಿ ಎಲ್ಲರಿಗೂ ಮುಟ್ಟಲ್ಲ ಅನ್ನುವುದನ್ನು ಒಪ್ಪಿಕೊಂಡ ಕ್ರಮಗಳೇ.

ಇಸಿ ಬ್ರಾಂಚಿನವರಿಗೆ ಕಾರಣ ಗೊತ್ತಿರುತ್ತೆ, ಉಳಿದವರಿಗಾಗಿ ಎರಡು ಮಾತು. 2300 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 13 ಸೆಂಟಿಮೀಟರ್, 700 ಮೆಗಾಹರ್ಟ್ಸ್‌ನದು ಸುಮಾರು 43. ಉದ್ದದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಚೆನ್ನಾಗಿ ಬಾಗುತ್ತೆ, ಎಲೆಗಳ ನಡುವೆ ಕಡಿಮೆ ಸೊರಗುತ್ತೆ. ಗಿಡ್ಡ ಅಲೆಗೆ ನೆನೆದ ಕಾಡು ದೊಡ್ಡ ಶತ್ರು. ಹೊಸನಗರ, ತೀರ್ಥಹಳ್ಳಿ ಕಡೆ ಮನೆಗಳು ಇರೋದು ಕಣಿವೆಯಲ್ಲಿ, ತೋಟದ ತಲೆಯಲ್ಲಿ, ಒಂದಕ್ಕೊಂದು ದೂರ. ಬಯಲುಸೀಮೆಯಲ್ಲಿ ಒಂದು ಟವರ್ ಎಷ್ಟೋ ಊರಿಗೆ ಸಾಕಾದರೆ ಇಲ್ಲಿ ಒಂದು ಗುಡ್ಡದ ಈಚೆಗೆ ಮಾತ್ರ. ಕಂಪನಿಯ ಲೆಕ್ಕದಲ್ಲಿ ಅದು ಗಿಟ್ಟಲ್ಲ. ಆದ್ದರಿಂದ 'ನೆಟ್‌ವರ್ಕ್ ಸರಿಯಾಗಲಿ, ಆಮೇಲೆ ವೆಬಿನಾರ್' ಅಂತ ಕೂತರೆ ನಮ್ಮ ಡಿಗ್ರಿ ಮುಗಿದಿರುತ್ತೆ. ಇರುವ ಸಿಗ್ನಲ್ಲಿನಲ್ಲಿ ಏನು ದಾಟಿಸಬಹುದು ಅನ್ನೋದೇ ನಮ್ಮ ಕೈಲಿರುವ ಪ್ರಶ್ನೆ.

ಒಂದು ತಾಸಿನ ತೂಕ ಎಷ್ಟು?

ಲೆಕ್ಕ ಹಾಕೋಣ. ಸಾಧಾರಣ ಗುಣಮಟ್ಟದ ವೀಡಿಯೊ ಸೆಕೆಂಡಿಗೆ 600 ಕಿಲೋಬಿಟ್ ಅಂತ ಇಟ್ಟುಕೊಳ್ಳಿ. ಒಂದು ತಾಸಿಗೆ 3,600 ಸೆಕೆಂಡು, ಎಂಟರಿಂದ ಭಾಗಿಸಿದರೆ 270 ಎಂಬಿ. ಇದರಲ್ಲಿ ಬಹುಪಾಲು ಮಾತಾಡುವವರ ಮುಖ, ಅವರ ಹಿಂದಿನ ಪುಸ್ತಕದ ಕಪಾಟು. ಈಗ ಬರೀ ಧ್ವನಿ. 2012ರಲ್ಲಿ ಮಾನಕವಾದ ಓಪಸ್ ಎಂಬ ಕೋಡೆಕ್ ಇದೆ, ಮುಕ್ತ ತಂತ್ರಜ್ಞಾನ. ಸೆಕೆಂಡಿಗೆ 24 ಕಿಲೋಬಿಟ್ ಕೊಟ್ಟರೆ ಮನುಷ್ಯರ ಮಾತು ಫೋನ್ ಕರೆಗಿಂತ ಚೆನ್ನಾಗೇ ಕೇಳುತ್ತೆ. ತಾಸಿಗೆ 10.8 ಎಂಬಿ. ಅಂದ್ರೆ ವೀಡಿಯೊದ ಇಪ್ಪತ್ತೈದನೇ ಒಂದು ಭಾಗ.

ಲೈವ್ ಆದರೆ ಇನ್ನೊಂದು ಖರ್ಚಿದೆ, ಇದು ನಮಗೂ ಲೆಕ್ಕ ಹಾಕುವ ತನಕ ಹೊಳೆದಿರಲಿಲ್ಲ. ಧ್ವನಿಯನ್ನು 20 ಮಿಲಿಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿ ಪ್ಯಾಕೆಟ್ಟಿಗೂ ವಿಳಾಸದ ಚೀಟಿ ಬೇಕು: ಐಪಿ 20 ಬೈಟ್, ಯುಡಿಪಿ 8, ಆರ್‌ಟಿಪಿ 12, ಒಟ್ಟು ಕನಿಷ್ಠ 40 ಬೈಟ್. ಐವತ್ತರಿಂದ ಗುಣಿಸಿದರೆ 2,000 ಬೈಟ್, ಅಂದ್ರೆ ಸೆಕೆಂಡಿಗೆ 16 ಕಿಲೋಬಿಟ್ ಬರೀ ಚೀಟಿಗೇ! 24ರ ಮಾತಿಗೆ 16ರ ವಿಳಾಸ. ತಾಸಿಗೆ 18 ಎಂಬಿ ಆಯ್ತು. ತುಂಡನ್ನು 60 ಮಿಲಿಸೆಕೆಂಡಿಗೆ ಉದ್ದ ಮಾಡಿದರೆ ಚೀಟಿಯ ಖರ್ಚು ಮೂರನೇ ಒಂದು ಭಾಗಕ್ಕಿಳಿದು ಒಟ್ಟು 13.2 ಎಂಬಿಗೆ ಬರುತ್ತೆ. ಆದರೆ ಒಂದು ಪ್ಯಾಕೆಟ್ ಕಳೆದರೆ ಅರ್ಧ ಅಕ್ಷರವೇ ಕಳೆಯುತ್ತೆ. ಎಲ್ಲದಕ್ಕೂ ಬೆಲೆ ಇದೆ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆ. ಲೈವ್ ಮಾತು ಕಳೆದರೆ ಕಳೆದಂತೆ, ಮತ್ತೆ ಕೇಳಿ ತರಿಸಿಕೊಳ್ಳುವಷ್ಟು ಹೊತ್ತಿಲ್ಲ. ಫೈಲ್ ಹಾಗಲ್ಲ. ಅರ್ಧ ಇಳಿದು ನಿಂತರೆ ಸಿಗ್ನಲ್ ಬಂದಾಗ ನಿಂತಲ್ಲಿಂದ ಮುಂದುವರಿಯುತ್ತೆ. 10.8 ಎಂಬಿಯ ಫೈಲು ಸೆಕೆಂಡಿಗೆ 40 ಕಿಲೋಬಿಟ್ಟಿನ ಹಳೇ ಜಿಪಿಆರ್‌ಎಸ್‌ನಲ್ಲೂ 36 ನಿಮಿಷಕ್ಕೆ ಇಳಿಯುತ್ತೆ. ಇಡೀ ರಾತ್ರಿ ಬೇಕಾದರೂ ತಗೊಳ್ಳಲಿ, ಮನೆಯವರಿಗೆ ನಿದ್ದೆ. ಆ ಮಾತನ್ನೇ ಬರಹಕ್ಕಿಳಿಸಿದರೆ ಇನ್ನೂ ಹಗುರ. ನಿಮಿಷಕ್ಕೆ ನೂರು ಪದದಂತೆ ತಾಸಿಗೆ ಆರು ಸಾವಿರ ಪದ, ಯುನಿಕೋಡ್ ಕನ್ನಡದಲ್ಲಿ ಒಂದು ಸಂಕೇತಕ್ಕೆ 3 ಬೈಟ್ ಹಿಡಿದರೂ ಕಾಲು ಎಂಬಿ ದಾಟಲ್ಲ. 270 ಎಂಬಿ ಎಲ್ಲಿ, ಕಾಲು ಎಂಬಿ ಎಲ್ಲಿ!

ಹಾಗಾಗಿ ನಮ್ಮ ತೀರ್ಮಾನ: ವೆಬಿನಾರ್‌ನಲ್ಲಿ ಉಪನ್ಯಾಸವನ್ನು ಲೈವ್ ಮಾಡುವುದೇ ತಪ್ಪು. ಉಪನ್ಯಾಸ ಒಂದು ವಾರ ಮೊದಲೇ ಹೋಗಲಿ, ಧ್ವನಿ ಮತ್ತು ಪಿಡಿಎಫ್ ಆಗಿ. ಸ್ಲೈಡಿನಲ್ಲಿ ಫೋಟೋ ಕಡಿಮೆ ಇರಲಿ, ಇದ್ದರೂ ಕುಗ್ಗಿಸಿ ಹಾಕಲಿ. ಲೈವ್ ತಾಸು ಇರಬೇಕಾದ್ದು ಪ್ರಶ್ನೆಗೆ, ಜಗಳಕ್ಕೆ, ನನ್ನ ತಾಣದಲ್ಲಿ ಹೀಗಾಯ್ತು ಅನ್ನುವ ಕಷ್ಟಸುಖಕ್ಕೆ.

ಹೆಗ್ಗೋಡು ಮೊದಲೇ ಮಾಡಿತ್ತು

ಇದನ್ನು ಈಗಿನವರು ಫ್ಲಿಪ್ಡ್ ಕ್ಲಾಸ್‌ರೂಮ್ ಅಂತ ಕರೆದು ಹೊಸದು ಅನ್ನುತ್ತಾರೆ. ಸಾಗರದ ಪಕ್ಕದ ಹೆಗ್ಗೋಡಿಗೆ ಹೋಗಿ ಬಂದವರಿಗೆ ಹೊಸದೇನೂ ಅನಿಸಲ್ಲ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದ್ರೆ ನೀನಾಸಂ, ಅಡಿಕೆ ತೋಟದ ನಡುವಿನ ಊರಿನಲ್ಲಿ ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಬೆಳೆಯಿತು. ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಇಲ್ಲಿಗೆ ಬಂದು ಚಿತ್ರ ರಸಗ್ರಹಣ ಶಿಬಿರ ನಡೆಸಿಕೊಟ್ಟರು. ಮುಂದೆ ಅದು ವರ್ಷವರ್ಷದ ಸಂಸ್ಕೃತಿ ಶಿಬಿರವಾಯಿತು. ಅದರ ಕ್ರಮ ನೋಡಿ: ರಾತ್ರಿ ನಾಟಕ, ಬೆಳಿಗ್ಗೆ ಆ ನಾಟಕದ ಚರ್ಚೆ. ಎಲ್ಲರೂ ನೋಡಿದ್ದಾರೆ, ನಿದ್ದೆ ಮಾಡಿ ಎದ್ದಿದ್ದಾರೆ, ಮನಸ್ಸಿನಲ್ಲಿ ಏನೋ ಕೊರೆಯುತ್ತಿದೆ. ಆಮೇಲೆ ಮಾತು. ಪ್ರೊಫೆಸರೂ ಕೃಷಿಕರೂ ಕಾಲೇಜು ಹುಡುಗಿಯೂ ಒಂದೇ ಸಾಲಿನಲ್ಲಿ.

ನಮಗೆ ಇಷ್ಟವಾದ ಇನ್ನೊಂದು ವಿಚಾರ 1985ರಲ್ಲಿ ಶುರುವಾದ 'ತಿರುಗಾಟ'. ಹೆಗ್ಗೋಡಿನಲ್ಲಿ ನಾಟಕ ಸಿದ್ಧಮಾಡಿ, ತಂಡವೇ ಊರೂರಿಗೆ ಹೋಗುತ್ತೆ. ಜನ ರಂಗಮಂದಿರಕ್ಕೆ ಬರಲಿ ಅಂತ ಕಾಯಲ್ಲ. ಸರ್ವರ್ ಭಾಷೆಯಲ್ಲಿ ಹೇಳೋದಾದರೆ ಮಿರರ್ ಸೈಟ್!

ತೀರ್ಥಹಳ್ಳಿ ತಾಲ್ಲೂಕಿಗೂ ಈ ಕಥೆಯಲ್ಲಿ ಪಾಲಿದೆ. ಕುಪ್ಪಳಿಯ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ವಿಶ್ವವಿದ್ಯಾಲಯದವರು ಊರುಗಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಇತಿಹಾಸ, ಆರೋಗ್ಯದ ಮೇಲೆ ಉಪನ್ಯಾಸ ಕೊಡುವುದು, ಅದನ್ನು ಕಡಿಮೆ ಬೆಲೆಯ ಪುಟ್ಟ ಪುಸ್ತಕವಾಗಿ ಪ್ರಚಾರ ಪುಸ್ತಕ ಮಾಲೆಯಲ್ಲಿ ಅಚ್ಚು ಹಾಕುವುದು, ಈ ಕೆಲಸಕ್ಕೆ ಪ್ರಸಾರಾಂಗದ ಮೂಲಕ ಅವರು ಬಲ ಕೊಟ್ಟರು. ಮಾತು ಒಂದು ಸಂಜೆಯದು, ಪುಸ್ತಕ ಉಳಿಯುವಂಥದು. ಅಜ್ಜನ ಮನೆ ಅಟ್ಟದಲ್ಲಿ ಇಂಥ ಪುಸ್ತಕ ನಿಮಗೂ ಸಿಕ್ಕಿರಬಹುದು.

ಪರದೇಶದ ಉದಾಹರಣೆ ಬೇಕೆಂದರೆ ಮೂಡಲ್ ತಗೊಳ್ಳಿ. ನಾವು ಅಸೈನ್‌ಮೆಂಟ್ ಹಾಕುವ ಅದೇ ಮೂಡಲ್. ಅದನ್ನು ಬರೆದ ಮಾರ್ಟಿನ್ ಡೂಗಿಯಮಾಸ್ ಆಸ್ಟ್ರೇಲಿಯದ ಮರುಭೂಮಿಯ ಮೂಲೆಯಲ್ಲಿ ಬೆಳೆದವರು, ಶಾಲೆ ದೂರ ಇದ್ದದ್ದರಿಂದ ರೇಡಿಯೋ ಮೂಲಕ ಪಾಠ ಕೇಳಿದವರು. 2002ರಲ್ಲಿ ಮೊದಲ ಆವೃತ್ತಿ ಬಿಟ್ಟರು. ದೂರದಲ್ಲಿದ್ದು ಕಲಿತವರಿಗೆ ದೂರದವರ ಕಷ್ಟ ಗೊತ್ತಿರುತ್ತೆ.

ಡಾಟಾ ಇಲ್ಲ, ಕಾಲ್ ಹೋಗುತ್ತೆ

ಗೆಳೆಯನ ಊರಿನಲ್ಲಿ ಇಂಟರ್ನೆಟ್ ಬರದಿದ್ದರೂ ಜಗಲಿಯ ಒಂದು ಮೂಲೆಯಲ್ಲಿ ಫೋನ್ ಕರೆ ಸಿಗುತ್ತೆ. ಅಲ್ಲೇ ಒಂದು ಮೊಳೆ ಹೊಡೆದು ಫೋನ್ ತೂಗುಹಾಕುತ್ತಾರೆ. ಮಲೆನಾಡಿನ ಎಷ್ಟೋ ಮನೆಯಲ್ಲಿ ಇಂಥ ಮೊಳೆ ಇದೆ. ಆದರೆ ನಾವು ಕೇಳಿದ ವೆಬಿನಾರ್‌ಗೆ ಕರೆ ಮಾಡಿ ಸೇರುವ ನಂಬರ್ ಇರಲೇ ಇಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಶುರುವಾದ ಬಿಗ್‌ಬ್ಲೂಬಟನ್ ಅನ್ನುವ ಮುಕ್ತ ತಂತ್ರಾಂಶ ಇದೆ, ಆನ್‌ಲೈನ್ ತರಗತಿಗೆಂದೇ ಮಾಡಿದ್ದು. ಅದಕ್ಕೆ ಫೋನ್ ಲೈನ್ ಜೋಡಿಸಬಹುದು, ಸಾದಾ ಕೀಪ್ಯಾಡ್ ಫೋನಿನವರೂ ನಂಬರ್ ಒತ್ತಿ ಒಳಗೆ ಬರಬಹುದು. ಅಷ್ಟೂ ಬೇಡ ಅಂದ್ರೆ ಇಬ್ಬರು ಮೂವರು ಸೇರಿ ಕಾನ್ಫರೆನ್ಸ್ ಕಾಲ್ ಹಾಕಿ, ಒಬ್ಬರ ಫೋನನ್ನು ಲ್ಯಾಪ್‌ಟಾಪಿನ ಮೈಕ್ ಹತ್ತಿರ ಇಡಿ. ನಾಚಿಕೆ ಪಡಬೇಕಾದ ಎಂಜಿನಿಯರಿಂಗ್ ಅಲ್ಲ ಅದು, ಕೆಲಸ ಮಾಡುತ್ತೆ.

ಸಮಯದ ಮಾತೂ ಇದೆ. ಮೇ ತಿಂಗಳ ಸಂಜೆ ಗುಡುಗು ಸಿಡಿಲು ಬಂದರೆ ಪ್ಲಗ್ ಕಿತ್ತಿಡುವುದು ಇಲ್ಲಿನ ರೂಢಿ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಹೊತ್ತು ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಆ ಹೊತ್ತಿಗೆ ವೆಬಿನಾರ್ ಇಟ್ಟು 'ಹಳ್ಳಿ ಕಡೆಯವರು ಆಸಕ್ತಿ ತೋರಿಸಲ್ಲ' ಅನ್ನಬಾರದು. ಹಾಗೆ ನೋಡಿದರೆ ಅಡಿಕೆ ಸುಲಿಯುತ್ತಾ ಕೇಳಲು ಧ್ವನಿ ಫೈಲಿನಷ್ಟು ಹೇಳಿ ಮಾಡಿಸಿದ್ದು ಬೇರೆ ಇಲ್ಲ. ಆಕಾಶವಾಣಿ ಭದ್ರಾವತಿಯನ್ನು ಜನ ಹಾಗೇ ತಾನೇ ಕೇಳಿದ್ದು.

ಹಾಗಾದರೆ ಏನು ಮಾತಾಡಬೇಕು?

ನಾವು ಕೇಳಿದ ವೆಬಿನಾರ್‌ನಲ್ಲಿ ಮುಕ್ಕಾಲು ಪಾಲು 'ಮುಕ್ತ ಶಿಕ್ಷಣದ ಮಹತ್ವ'ವೇ ಆಯ್ತು. ತಾಣ ನಡೆಸುವವರಿಗೆ ಮಹತ್ವ ಗೊತ್ತಿಲ್ಲದೆ ಇರುತ್ತಾ? ಅವರಿಗೆ ಬೇಕಾಗಿರೋದು ನಾಳೆ ಬೆಳಿಗ್ಗೆ ಕೂತು ಮಾಡುವ ಕೆಲಸದ ವಿವರ. ನಮಗೆ ಪೆಟ್ಟು ಕೊಟ್ಟ ಎರಡು ಸಂಗತಿ ಹೇಳುತ್ತೇವೆ.

ಒಂದು, ಪರವಾನಗಿ. ಎಂಐಟಿಯ ಪಾಠಗಳು ಸಿಸಿ ಬೈ-ಎನ್‌ಸಿ-ಎಸ್‌ಎ ಅಡಿಯಲ್ಲಿವೆ: ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ವಿಕಿಪೀಡಿಯದ ಬರಹ ಸಿಸಿ ಬೈ-ಎಸ್‌ಎ: ಹೆಸರು ಹೇಳಬೇಕು, ಇದೇ ಷರತ್ತಿನಲ್ಲಿ ಹಂಚಬೇಕು, ವ್ಯಾಪಾರಕ್ಕೆ ತಡೆ ಇಲ್ಲ. ನಾವು ಮಾಡಿದ್ದೇನು? ಟ್ರಾನ್ಸ್‌ಫಾರ್ಮರ್ ಪಾಠಕ್ಕೆ ಎರಡನ್ನೂ ಕಲಸಿ ಒಂದೇ ಲೇಖನ ಮಾಡಿದೆವು. ಈಗ ಆ ಲೇಖನ ಯಾವ ಷರತ್ತಿನಲ್ಲಿ ಹೋಗಬೇಕು? ಒಂದು ವ್ಯಾಪಾರ ಬೇಡ ಅನ್ನುತ್ತೆ, ಇನ್ನೊಂದು ಬೇಡ ಅನ್ನುವಂತಿಲ್ಲ ಅನ್ನುತ್ತೆ. ಎರಡಕ್ಕೂ 'ಇದೇ ಷರತ್ತು' ಬೇಕು. ದಾರಿಯೇ ಇಲ್ಲ. ಅಕ್ಕಪಕ್ಕ ಬೇರೆ ಬೇರೆ ಪುಟವಾಗಿ ಇಡಬಹುದು, ಬೆರೆಸಿ ಒಂದು ಕೃತಿ ಮಾಡುವಂತಿಲ್ಲ. ಮೂರು ವಾರದ ಕೆಲಸ ಬಿಚ್ಚಿ ಮತ್ತೆ ಬರೆದೆವು. ಇದನ್ನು ಮೊದಲೇ ಯಾರಾದರೂ ಹತ್ತು ನಿಮಿಷ ಹೇಳಿದ್ದರೆ ಸಾಕಿತ್ತು.

'ಶಿಕ್ಷಣಕ್ಕೆ ತಾನೇ, ಏನಾಗುತ್ತೆ' ಅಂತ ಟೆಕ್ಸ್ಟ್‌ಬುಕ್ ಪುಟ ಸ್ಕ್ಯಾನ್ ಮಾಡಿ ಹಾಕುವವರಿಗೂ ಒಂದು ಮಾತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ತರಗತಿಗೆ ಬೇಕಾದ ಪುಟಗಳ ಪ್ರತಿಗೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶ ಇದೆ ಎಂದಿತು. ಆದರೆ ಅದು ಪಾಠದ ಭಾಗವಾಗಿ ಕೊಡುವ ಪ್ರತಿಯ ಮಾತು. ಲೋಕಕ್ಕೆಲ್ಲ ತೆರೆದಿಟ್ಟ ತಾಣಕ್ಕೂ ಅದೇ ರಕ್ಷಣೆ ಇದೆ ಅಂದುಕೊಳ್ಳಬೇಡಿ. ಲೇಖಕರು ತೀರಿಕೊಂಡು 60 ವರ್ಷ ಆಗಿದ್ದರೆ ಬೇರೆ ವಿಚಾರ, ಆದರೆ ಅಷ್ಟು ಹಳೆಯ ಎಲೆಕ್ಟ್ರಾನಿಕ್ಸ್ ಪುಸ್ತಕದಿಂದ ನಿಮಗೇನು ಉಪಯೋಗ?

ಎರಡು, ನುಡಿ ಫೈಲ್. ಇದು ಕನ್ನಡ ತಾಣ ನಡೆಸುವವರಿಗೆ ಮಾತ್ರ ಇರುವ ತಲೆನೋವು, ಆದ್ದರಿಂದ ಇಂಗ್ಲಿಷ್ ವೆಬಿನಾರ್‌ಗಳಲ್ಲಿ ಇದರ ಸುದ್ದಿಯೇ ಬರಲ್ಲ. ನಮ್ಮ ಸೀನಿಯರ್‌ಗಳು, ಕೆಲವು ಲೆಕ್ಚರರ್‌ಗಳು ಕೊಟ್ಟ ಒಳ್ಳೊಳ್ಳೆ ನೋಟ್ಸ್ ಹಳೇ ನುಡಿ, ಬರಹದ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದವು. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಬಣ್ಣ ಬಯಲು. ಗೂಗಲ್‌ನಲ್ಲಿ ಹುಡುಕಿದರೆ ಸಿಗಲ್ಲ, ಕುರುಡರಿಗಾಗಿ ಓದಿಹೇಳುವ ತಂತ್ರಾಂಶಕ್ಕೆ ಅರ್ಥವಾಗಲ್ಲ.

ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಕತೆ-ಕಾದಂಬರಿಗೆ ಚೆನ್ನಾಗೇ ನಡೆಯುತ್ತವೆ. ನಮ್ಮ ಪಾಠಕ್ಕೆ ಬಂದಾಗ ಎಡವುತ್ತವೆ. ಓಮ್‌ನ ನಿಯಮದಲ್ಲಿ ವಿ, ಐ, ಆರ್ ಅಂತ ಇಂಗ್ಲಿಷ್ ಅಕ್ಷರಗಳೇ ಇರುತ್ತವಲ್ಲ, ಪರಿವರ್ತಕ ಅವನ್ನೂ ಕನ್ನಡದ ಚೂರು ಅಂದುಕೊಂಡು ಬದಲಿಸಿಬಿಡುತ್ತೆ. ಒಂದು ಅಧ್ಯಾಯದ ಸೂತ್ರಗಳೆಲ್ಲ ಅರ್ಥವಿಲ್ಲದ ಒತ್ತಕ್ಷರಗಳಾಗಿ ನಿಂತಿದ್ದನ್ನು ಕಂಡು ನಕ್ಕು ಅತ್ತೆವು. ಪರಿಹಾರ: ಬರೀ ಅಕ್ಷರ ನಕಲು ಮಾಡಿ ಪರಿವರ್ತಕಕ್ಕೆ ಹಾಕಬೇಡಿ. ಮೂಲ ಡಾಕ್ಯುಮೆಂಟಿನಲ್ಲಿ ಪ್ರತಿ ತುಂಡಿಗೂ ಯಾವ ಫಾಂಟ್ ಅಂತ ದಾಖಲಾಗಿರುತ್ತೆ. ಫಾಂಟ್ ನುಡಿ ಆಗಿದ್ದರೆ ಮಾತ್ರ ಬದಲಿಸುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಸಾಕು. ಆಮೇಲೆ ಅರ್ಕಾವತ್ತು ಸರಿಯಾದ ಜಾಗದಲ್ಲಿದ್ಯಾ ಅಂತ ಕಣ್ಣಲ್ಲೇ ನೋಡಬೇಕು.

ಇನ್ನೊಂದು ಸೂಕ್ಷ್ಮ. 'ಕೇ' ಅನ್ನುವುದನ್ನು ಯುನಿಕೋಡಿನಲ್ಲಿ ಎರಡು ರೀತಿ ಇಡಬಹುದು: ಕ ಮತ್ತು ಏತ್ವ ಒಂದೇ ಸಂಕೇತವಾಗಿ, ಅಥವಾ ಕ, ಎತ್ವ, ದೀರ್ಘ ಬೇರೆ ಬೇರೆಯಾಗಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. 'ಕೇಂದ್ರ' ಅಂತ ತಾಣದಲ್ಲಿ ಹುಡುಕಿದರೆ ಅರ್ಧ ಪುಟ ಸಿಗುತ್ತೆ, ಅರ್ಧ ಸಿಗಲ್ಲ. ಹಾಕುವ ಮುಂಚೆ ನಾರ್ಮಲೈಸ್ ಮಾಡಿದರೆ ಮುಗಿಯಿತು, ಪೈಥಾನ್‌ನಲ್ಲಿ ಒಂದು ಸಾಲು. ಗೊತ್ತಿಲ್ಲದಿದ್ದರೆ ಒಂದು ಸೆಮಿಸ್ಟರ್. ನಮ್ಮದು ಎರಡನೆಯದೇ ಆಯ್ತು.

ಇಂಥ ಸಂಗತಿ ಇನ್ನೂ ಇವೆ: ಡೊಮೈನ್ ಯಾರ ಹೆಸರಿನಲ್ಲಿದೆ, ಫೈನಲ್ ಇಯರ್‌ನವರು ಹೋಗುವಾಗ ಪಾಸ್‌ವರ್ಡ್ ಯಾರಿಗೆ ಕೊಟ್ಟು ಹೋಗುತ್ತಾರೆ, ಮುರಿದ ಲಿಂಕ್ ಯಾರು ನೋಡಿಕೊಳ್ಳುತ್ತಾರೆ. ಕಾಲೇಜು ತಾಣಗಳು ಸಾಯೋದು ದುಡ್ಡಿಲ್ಲದೆ ಅಲ್ಲ, ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ.

ಬಸ್ಸಿನ ವೇಗ ಸೆಕೆಂಡಿಗೆ 71 ಮೆಗಾಬಿಟ್

ಕಡೆಯದಾಗಿ ಪಾಠ ತಲುಪಿಸುವ ಬಗ್ಗೆ. ಎಂಐಟಿ ಒಂದು ಕಾಲಕ್ಕೆ ಆಫ್ರಿಕದ ವಿಶ್ವವಿದ್ಯಾಲಯಗಳಿಗೆ ತನ್ನ ಇಡೀ ತಾಣವನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಕಳಿಸುತ್ತಿತ್ತು. ಅಲ್ಲಿಯವರು ಕ್ಯಾಂಪಸ್ಸಿನ ಒಳಗಿನ ಸರ್ವರಿಗೆ ಹಾಕಿಕೊಂಡರೆ ಹೊರಗಿನ ಇಂಟರ್ನೆಟ್ ಬೇಕಿರಲಿಲ್ಲ. ಈಗ ಕಿವಿಕ್ಸ್ ಅಂತ ತಂತ್ರಾಂಶ ಇದೆ, ವಿಕಿಪೀಡಿಯದಂಥ ತಾಣವನ್ನು ಒಂದೇ ಫೈಲಾಗಿ ಕಟ್ಟಿ ಕೊಡುತ್ತೆ. ಕೊಲಿಬ್ರಿ ಅಂತ ಇನ್ನೊಂದಿದೆ, ಶಾಲೆಯೊಳಗೇ ವೈಫೈ ಹಾಕಿ ಪಾಠ ಹಂಚಲು. ರಾಸ್ಪ್‌ಬೆರಿ ಪೈ ಇದ್ದರೆ ಮಿನಿ ಪ್ರಾಜೆಕ್ಟೂ ಆಗುತ್ತೆ.

64 ಜಿಬಿಯ ಪೆನ್‌ಡ್ರೈವ್ ಒಂದನ್ನು ಶಿವಮೊಗ್ಗದಲ್ಲಿ ಜೇಬಿಗೆ ಹಾಕಿಕೊಂಡು ತೀರ್ಥಹಳ್ಳಿ ಬಸ್ ಹತ್ತಿ. ಎರಡು ತಾಸು ಹಿಡಿಯಿತು ಅನ್ನಿ. 512 ಗಿಗಾಬಿಟ್ಟನ್ನು 7,200 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 71 ಮೆಗಾಬಿಟ್. ನಮ್ಮ ಹಾಸ್ಟೆಲ್ ವೈಫೈ ಇಷ್ಟು ಯಾವತ್ತೂ ಕೊಟ್ಟಿಲ್ಲ. ಲೇಟೆನ್ಸಿ ಮಾತ್ರ ಎರಡು ತಾಸು, ನಡುವೆ ಟೀಗೆ ನಿಲ್ಲಿಸಿದರೆ ಇನ್ನೂ ಹತ್ತು ನಿಮಿಷ.

ಮುಂದಿನ ತಿಂಗಳು ನಾವೇ ಒಂದು ವೆಬಿನಾರ್ ಮಾಡುತ್ತಿದ್ದೇವೆ, ಕನ್ನಡದಲ್ಲಿ, ಪಾಠತಾಣ ನಡೆಸುವವರಿಗೆ ಮಾತ್ರ. ವಿಷಯ ಒಂದೇ: ಹಳೇ ಫಾಂಟಿನಿಂದ ಯುನಿಕೋಡಿಗೆ. ನಲವತ್ತು ನಿಮಿಷದ ಮಾತು ಮೊದಲೇ ರೆಕಾರ್ಡ್ ಆಗಿ ಹೋಗುತ್ತೆ, ಧ್ವನಿ 24 ಕಿಲೋಬಿಟ್‌ನಲ್ಲಿ, ಜೊತೆಗೆ ಬರಹ. ಚರ್ಚೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ತಿಂಡಿ, ತೋಟದ ಕೆಲಸ ಮುಗಿದ ಮೇಲೆ. ಕರೆ ಮಾಡಿ ಸೇರಲು ನಂಬರ್ ಇರುತ್ತೆ. ಪ್ರಶ್ನೆಗಳನ್ನು ಎಸ್‌ಎಂಎಸ್‌ನಲ್ಲೂ ತಗೊಳ್ಳುತ್ತೇವೆ. ಮಾತಾಡುವವನು ಕರೂರು ಹೋಬಳಿಯ ಅದೇ ಗೆಳೆಯ, ಜಗಲಿಯ ಮೊಳೆಯ ಪಕ್ಕದಿಂದ. ಅವನಿಗೆ ಕೇಳಿಸಿದರೆ ಮಿಕ್ಕವರಿಗೆ ಕೇಳಿಸಿದ ಹಾಗೆಯೇ.

ಅಷ್ಟರೊಳಗೆ ಅವನ ಧ್ವನಿಯನ್ನು ಬರಹಕ್ಕಿಳಿಸಲು ಮೂರು ಜನ ಬೇಕಾಗಿದ್ದಾರೆ. ಕನ್ನಡ ಟೈಪಿಂಗ್ ಬಂದರೆ ಸಾಕು, ಹೆಡ್‌ಫೋನ್ ನಿಮ್ಮದೇ ತನ್ನಿ. ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿದ ಮೇಲೆ ಸಂಘದ ರೂಮಿನಲ್ಲಿ ಇರುತ್ತೇವೆ.